ಕಾನೂನಿನ ಕಣ್ಣಿನಲ್ಲಿ ಸ್ಪೀಡ್ ಟ್ರ್ಯಾಪ್ ಎಂದರೆ ಯಾವುದು?

ಇಳಿಜಾರು ಮುಗಿಯುವ ಕಡೆ, ಮರದ ಮರೆಯಲ್ಲೋ ಜಾಹೀರಾತು ಫಲಕದ ಹಿಂದೆಯೋ ಬೈಕು ನಿಲ್ಲಿಸಿಕೊಂಡು ರಾಡಾರ್ ಗನ್ ಹಿಡಿದು ಕಾಯುವ ಪೊಲೀಸರನ್ನು ಕಂಡರೆ ವಾಹನ ಓಡಿಸುವವರು ಅದನ್ನು ಸ್ಪೀಡ್ ಟ್ರ್ಯಾಪ್ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ತಪ್ಪಲ್ಲ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಪೀಡ್ ಟ್ರ್ಯಾಪ್ ಎಂಬುದಕ್ಕೆ ವಾಹನ ಸಂಹಿತೆಯ 40802ನೇ ಕಲಮಿನಲ್ಲಿ ಸ್ಪಷ್ಟವಾದ ವ್ಯಾಖ್ಯಾನವಿದ್ದು, ಅಡಗಿ ನಿಂತ ಪೊಲೀಸರ ಪ್ರಸ್ತಾಪವೇ ಅದರಲ್ಲಿಲ್ಲ. ಆ ವ್ಯಾಖ್ಯಾನ ಪರಿಶೀಲಿಸುವುದು ಬೇರೆಯೇ ಎರಡು ಸಂಗತಿಗಳನ್ನು: ವೇಗವನ್ನು ಅಳೆದದ್ದು ಹೇಗೆ, ಮತ್ತು ಫಲಕದ ಮೇಲೆ ಬರೆದ ವೇಗಮಿತಿಯ ಅಂಕಿ ಬಂದದ್ದು ಎಲ್ಲಿಂದ. ಸ್ಯಾನ್ ಹೋಸೆ, ಫ್ರೀಮಾಂಟ್, ಸನಿವೇಲ್‌ಗಳಲ್ಲಿ ನೆಲೆಸಿ ದಿನವೂ ಕಾರು ಓಡಿಸುವ ಕನ್ನಡಿಗರು ಸಾಕಷ್ಟು ಮಂದಿ ಇರುವುದರಿಂದಲೂ, ನಮ್ಮ ಹೆದ್ದಾರಿಗಳಲ್ಲಿ ಈಗ ಕ್ಯಾಮೆರಾಗಳು ವೇಗ ಅಳೆಯುತ್ತಿರುವುದರಿಂದಲೂ, ಈ ಕಾನೂನನ್ನು ಬಿಡಿಸಿ ನೋಡುವುದು ಎರಡೂ ಕಡೆಯವರಿಗೆ ಉಪಯುಕ್ತ.

ವ್ಯಾಖ್ಯಾನದ ಮೊದಲ ಭಾಗ ಹಳೆಯ ಕಾಲದ್ದು. ರಸ್ತೆಯ ಒಂದು ತುಂಡನ್ನು ಮೊದಲೇ ಅಳೆದು, ಅದರ ಎರಡೂ ತುದಿಗಳನ್ನು ಗುರುತು ಮಾಡಿ, ಆ ದೂರವನ್ನು ಕ್ರಮಿಸಲು ವಾಹನಕ್ಕೆ ಹಿಡಿದ ಸಮಯದಿಂದ ವೇಗವನ್ನು ಲೆಕ್ಕ ಹಾಕಿದರೆ ಅದು ಸ್ಪೀಡ್ ಟ್ರ್ಯಾಪ್. ರಾಡಾರ್ ಇಲ್ಲದ ದಿನಗಳಲ್ಲಿ ಪೊಲೀಸರಿಗೆ ಇದ್ದ ಮುಖ್ಯ ಉಪಾಯ ಇದೇ ಆಗಿತ್ತು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯ್ದೆ ಗಂಟೆಗೆ 20 ಮೈಲಿಯ ಮಿತಿಯನ್ನು ಹೇರಿದ ಮೇಲೆ, ಪೊದೆಯ ಹಿಂದೆ ಸ್ಟಾಪ್‌ವಾಚ್ ಹಿಡಿದು ಕೂರುವ ಪೇದೆಗಳ ವಿರುದ್ಧ ಸದಸ್ಯರನ್ನು ಎಚ್ಚರಿಸಲೆಂದೇ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಕಾರು ಚಾಲಕರ ಸಂಘ ಹುಟ್ಟಿಕೊಂಡಿತು. ಮುಂದೆ ಪೊಲೀಸರಿದ್ದಾರೆ ಎಂದು ವೇಗವಾಗಿ ಬರುತ್ತಿರುವವರಿಗೆ ಸನ್ನೆ ಮಾಡುವುದು ಪೊಲೀಸರ ಕೆಲಸಕ್ಕೆ ಅಡ್ಡಿಪಡಿಸಿದಂತೆ ಎಂದು 1910ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಾಗ, ಸಂಘದ ಗಸ್ತಿನವರು ಕ್ರಮವನ್ನು ತಿರುವುಮುರುವು ಮಾಡಿದರು. ಸದಸ್ಯತ್ವದ ಬಿಲ್ಲೆ ಇರುವ ಪ್ರತಿಯೊಂದು ಕಾರಿಗೂ ಅವರು ಸಲಾಮು ಹೊಡೆಯುತ್ತಿದ್ದರು. ಸಲಾಮು ಬಾರದಿದ್ದರೆ ನಿಲ್ಲಿಸಿ ಕಾರಣ ಕೇಳಬೇಕು ಎಂಬುದು ಸದಸ್ಯರಿಗೆ ಇದ್ದ ಸೂಚನೆ. ಸಲಾಮು ಹೊಡೆಯದೆ ಇರುವುದನ್ನು ಯಾವ ನ್ಯಾಯಾಲಯವೂ ಅಪರಾಧ ಎನ್ನಲಾರದು.

ಈ ಬಗೆಯ ಅಳತೆಯಲ್ಲಿ ಇರುವ ತೊಂದರೆ ಸರಳ ಲೆಕ್ಕದಲ್ಲೇ ತಿಳಿಯುತ್ತದೆ. ಒಂದು ಫರ್ಲಾಂಗು ಎಂದರೆ ಮೈಲಿಯ ಎಂಟನೇ ಒಂದು ಭಾಗ, 660 ಅಡಿ. ಗಂಟೆಗೆ 45 ಮೈಲಿ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 66 ಅಡಿ ಕ್ರಮಿಸುತ್ತದೆಯಾದ್ದರಿಂದ ಆ ಫರ್ಲಾಂಗನ್ನು ದಾಟಲು ಅದಕ್ಕೆ ಸರಿಯಾಗಿ 10 ಸೆಕೆಂಡು ಬೇಕು. ಗುಂಡಿ ಒತ್ತುವ ಪೇದೆಯ ಹೆಬ್ಬೆರಳು ಮೊದಲ ಗುರುತಿನ ಬಳಿ ಸ್ವಲ್ಪ ತಡವಾಗಿ, ಎರಡನೆಯ ಗುರುತಿನ ಬಳಿ ಸ್ವಲ್ಪ ಮುಂಚೆಯೇ ಒತ್ತಿ, ಒಟ್ಟು ಒಂದು ಸೆಕೆಂಡು ವ್ಯತ್ಯಾಸವಾದರೆ ಸ್ಟಾಪ್‌ವಾಚ್ 9 ಸೆಕೆಂಡು ತೋರಿಸುತ್ತದೆ. ಆಗ ಅದೇ ಕಾರಿನ ವೇಗ 50 ಮೈಲಿ ಎಂದು ದಾಖಲಾಗುತ್ತದೆ. ಕಾನೂನು ಪಾಲಿಸಿದವನು ಹೆಬ್ಬೆರಳಿನ ಒಂದು ಸೆಕೆಂಡಿಗೆ ಅಪರಾಧಿಯಾಗುತ್ತಾನೆ. ಅಳೆದ ದೂರ ಕಡಿಮೆಯಾದಷ್ಟೂ ಈ ದೋಷ ದೊಡ್ಡದಾಗುತ್ತ ಹೋಗುತ್ತದೆ, ಮತ್ತು ಚಾಲಕನ ಬಳಿ ಅದನ್ನು ಅಲ್ಲಗಳೆಯಲು ಯಾವ ಸಾಧನವೂ ಇರುವುದಿಲ್ಲ. 1920ರ ದಶಕದಿಂದಲೇ ಕ್ಯಾಲಿಫೋರ್ನಿಯಾ ಈ ವಿಧಾನವನ್ನು ತನ್ನ ರಸ್ತೆಗಳಿಂದ ಹೊರಗಿಟ್ಟಿದೆ, ಮತ್ತು ನಿಷೇಧ ಇಂದಿಗೂ ಜಾರಿಯಲ್ಲಿದೆ. ಹಾಗಾಗಿ ಇತರ ಹಲವು ರಾಜ್ಯಗಳಲ್ಲಿ ಹೆದ್ದಾರಿಯ ಮೇಲೆ ಬಿಳಿ ಪಟ್ಟಿ ಬಳಿದು ವಿಮಾನದಿಂದ ಸಮಯ ಎಣಿಸುವ ಪದ್ಧತಿ ಇದ್ದರೂ, ಈ ರಾಜ್ಯದಲ್ಲಿ ಹಾಗೆ ಎಣಿಸಿದ ವೇಗ ಸಾಕ್ಷ್ಯವಾಗುವುದಿಲ್ಲ.

ಇಂದು ದಂಡ ಕಟ್ಟುವವರಿಗೆ ಹೆಚ್ಚು ಸಂಬಂಧಪಡುವುದು ವ್ಯಾಖ್ಯಾನದ ಎರಡನೆಯ ಭಾಗ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ರಾಜ್ಯದಲ್ಲಿ ವೇಗಮಿತಿಗಳು ಎರಡು ಬಗೆ ಎಂಬುದನ್ನು ಮೊದಲು ಗಮನಿಸಬೇಕು. ಫ್ರೀವೇಗಳ ಮೇಲೆ ಗಂಟೆಗೆ 65 ಮೈಲಿ, ಫಲಕ ಹಾಕಿದ ಕೆಲವು ಕಡೆ 70 ಮೈಲಿ, ವಿಭಜಕವಿಲ್ಲದ ಎರಡು ಪಥದ ರಸ್ತೆಗಳ ಮೇಲೆ 55 ಮೈಲಿ ಎಂಬುವು ಪರಮಾವಧಿ ಮಿತಿಗಳು; ಅವನ್ನು ಮೀರಿದರೆ ಅಪರಾಧವೇ, ಬೇರೆ ವಾದಕ್ಕೆ ಎಡೆಯಿಲ್ಲ. ಊರೊಳಗಿನ ರಸ್ತೆಗಳ 25, 35, 40 ಮೈಲಿಯ ಫಲಕಗಳು ಬೇರೆ ಜಾತಿಯವು. ಅವು ಮೇಲ್ನೋಟಕ್ಕೆ ಸುರಕ್ಷಿತವೆಂದು ತೋರುವ ವೇಗವನ್ನು ಹೇಳುವ ಮಿತಿಗಳು. ಮೂಲ ನಿಯಮವಿರುವುದು 22350ನೇ ಕಲಮಿನಲ್ಲಿ: ಹವಾಮಾನ, ಎಷ್ಟು ದೂರ ಕಾಣುತ್ತದೆ ಎಂಬುದು, ವಾಹನದಟ್ಟಣೆ, ರಸ್ತೆಯ ಮೇಲ್ಮೈ ಮತ್ತು ಅಗಲ ಇವನ್ನೆಲ್ಲ ನೋಡಿಕೊಂಡು ವಿವೇಕಯುತವಾದ ವೇಗವನ್ನು ಮೀರಬಾರದು. ಮೇಲ್ನೋಟದ ಮಿತಿಯನ್ನು ಮೀರಿದ ಚಾಲಕನಿಗೆ, ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ತನ್ನ ವೇಗ ಅಪಾಯಕರವಾಗಿರಲಿಲ್ಲ ಎಂದು ಸಾಕ್ಷ್ಯ ಸಮೇತ ತೋರಿಸುವ ಅವಕಾಶವಿದೆ. ಅದೇ ರೀತಿ ಮಂಜು ಮುಸುಕಿದ ಬೆಳಗಿನಲ್ಲಿ ಫಲಕದ ಮಿತಿಯೊಳಗೇ ಓಡಿಸಿದವನಿಗೂ ದಂಡ ಬೀಳಬಹುದು.

ಫಲಕದ ಅಂಕಿ ಹೀಗೆ ಒಂದು ಊಹೆ ಎಂದ ಮೇಲೆ, ಆ ಊಹೆಗೆ ಆಧಾರವೇನು ಎಂಬ ಪ್ರಶ್ನೆ ಏಳುತ್ತದೆ. ಕ್ಯಾಲಿಫೋರ್ನಿಯಾದ ಉತ್ತರ ಹೀಗಿದೆ. ಮೇಲ್ನೋಟದ ಮಿತಿ ಇರುವ ರಸ್ತೆಯಲ್ಲಿ ಪೊಲೀಸರು ರಾಡಾರ್ ಅಥವಾ ಲೇಸರ್‌ನಂತಹ ಎಲೆಕ್ಟ್ರಾನಿಕ್ ಸಾಧನ ಬಳಸಿ ವೇಗ ಹಿಡಿಯಬೇಕಾದರೆ, ಆ ಮಿತಿಯನ್ನು ಎಂಜಿನಿಯರಿಂಗ್ ಮತ್ತು ಸಂಚಾರ ಸಮೀಕ್ಷೆಯೊಂದು ಸಮರ್ಥಿಸಿರಬೇಕು, ಮತ್ತು ಆ ಸಮೀಕ್ಷೆ ಆಪಾದಿತ ಉಲ್ಲಂಘನೆಗೆ ಹಿಂದಿನ ಐದು ವರ್ಷಗಳೊಳಗೆ ನಡೆದಿರಬೇಕು. ಸಮೀಕ್ಷೆ ಇಲ್ಲದಿದ್ದರೆ, ಹಳತಾಗಿದ್ದರೆ, ಅಥವಾ ಸಮೀಕ್ಷೆ ಹೇಳಿದ್ದಕ್ಕೂ ಫಲಕಕ್ಕೂ ಹೊಂದಾಣಿಕೆಯಾಗದಿದ್ದರೆ, ಪೊಲೀಸರು ಹಾಡಹಗಲಲ್ಲಿ ಎಲ್ಲರಿಗೂ ಕಾಣುವಂತೆ ದೀಪ ಮಿನುಗಿಸಿಕೊಂಡು ನಿಂತಿದ್ದರೂ ಅದು ಸ್ಪೀಡ್ ಟ್ರ್ಯಾಪ್.

ಈ ಸಮೀಕ್ಷೆ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕು. ನಗರದ ಸಂಚಾರ ವಿಭಾಗದವರು ಗುರುತು ಸಿಗದ ಸಾಮಾನ್ಯ ಕಾರೊಂದರಲ್ಲಿ ರಸ್ತೆಯ ಪಕ್ಕ ಕುಳಿತುಕೊಳ್ಳುತ್ತಾರೆ. ಪೊಲೀಸ್ ವಾಹನ ಕಂಡರೆ ಜನ ಬ್ರೇಕ್ ಒತ್ತುತ್ತಾರೆ, ಅಳತೆ ಕೆಡುತ್ತದೆ ಎಂಬುದೇ ಇದಕ್ಕೆ ಕಾರಣ. ಹವೆ ಚೆನ್ನಾಗಿರುವ ದಿನ, ಜನ ಕೆಲಸಕ್ಕೆ ಹೋಗಿಬರುವ ನೂಕುನುಗ್ಗಲಿನ ಹೊತ್ತನ್ನು ಬಿಟ್ಟು, ಮುಂದಿನ ವಾಹನದ ಬಾಲ ಹಿಡಿದು ಹೋಗದೆ ತನ್ನಿಷ್ಟದ ವೇಗದಲ್ಲಿ ಹೋಗುತ್ತಿರುವ ವಾಹನಗಳನ್ನು ಮಾತ್ರ ಆಯ್ದು ರಾಡಾರ್‌ನಿಂದ ಅಳೆಯುತ್ತಾರೆ. ಸುಮಾರು ನೂರು ವಾಹನಗಳ ವೇಗ ಸಿಕ್ಕಿತು ಎಂದುಕೊಳ್ಳೋಣ. ಅವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು 85ನೆಯ ಸ್ಥಾನದಲ್ಲಿರುವ ಅಂಕಿಯನ್ನು ನೋಡುತ್ತಾರೆ. ನೂರರಲ್ಲಿ 85 ಮಂದಿ ಅದಕ್ಕಿಂತ ಹೆಚ್ಚು ವೇಗದಲ್ಲಿ ಹೋಗುತ್ತಿಲ್ಲ ಎಂದರ್ಥ. ಆ ಅಂಕಿ 43 ಎಂದು ಬಂದರೆ ಹತ್ತಿರದ ಐದರ ಗುಣಕವಾದ 45 ಮೈಲಿ ವೇಗಮಿತಿಯ ಆರಂಭಬಿಂದುವಾಗುತ್ತದೆ. ಅಪಘಾತಗಳ ದಾಖಲೆ, ಚಾಲಕನ ಕಣ್ಣಿಗೆ ಸುಲಭವಾಗಿ ಬೀಳದ ಅಪಾಯಗಳು, ಮನೆಗಳ ದಟ್ಟಣೆ, ನಡೆದು ಹೋಗುವವರ ಮತ್ತು ಸೈಕಲ್ಲಿನವರ ಸುರಕ್ಷತೆ ಇವುಗಳ ಕಾರಣ ಕೊಟ್ಟು ಅದರಿಂದ ಒಂದಿಷ್ಟು ಇಳಿಸಬಹುದು. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಆದರೆ ಅದೇ ರಸ್ತೆಗೆ ಯಾವ ಕಾರಣವನ್ನೂ ಹೇಳದೆ 25ರ ಫಲಕ ನೆಟ್ಟು ರಾಡಾರ್ ಹಿಡಿದು ನಿಂತರೆ, ಜನ ಸಹಜವಾಗಿ ಓಡಿಸುವ ವೇಗಕ್ಕೂ ಫಲಕಕ್ಕೂ ನಡುವಿನ ಅಂತರವೇ ದಂಡದ ಹುಟ್ಟುವಳಿಯಾಗುತ್ತದೆ. ಕಾನೂನು ತಡೆಯಲು ಹೊರಟಿರುವುದು ಇದನ್ನು.

ಐದು ವರ್ಷದ ಗಡುವನ್ನು ವಿಸ್ತರಿಸಲು ಅವಕಾಶವಿದೆ, ಆದರೆ ಅದಕ್ಕೆ ಷರತ್ತುಗಳಿವೆ. ರಾಡಾರ್ ಹಿಡಿದ ಅಧಿಕಾರಿ ಮಾನ್ಯತೆ ಪಡೆದ ಕನಿಷ್ಠ 24 ಗಂಟೆಗಳ ತರಬೇತಿ ಮುಗಿಸಿರಬೇಕು. ಲೇಸರ್ ಬಳಸಿದರೆ ಇನ್ನೂ ಎರಡು ಗಂಟೆ ಹೆಚ್ಚು. ಸಾಧನವನ್ನು ಉಲ್ಲಂಘನೆಗೆ ಹಿಂದಿನ ಮೂರು ವರ್ಷಗಳೊಳಗೆ ಸ್ವತಂತ್ರ ಪ್ರಯೋಗಾಲಯವೊಂದು ಪರೀಕ್ಷಿಸಿ ಸರಿಹೊಂದಿಸಿರಬೇಕು. ತೂಕದ ಇಲಾಖೆಯ ಮುದ್ರೆ ಬೀಳದ ತಕ್ಕಡಿಯಲ್ಲಿ ತೂಗಿದ ಸಾಮಾನಿಗೆ ಗಿರಾಕಿ ದುಡ್ಡು ಕೊಡಬೇಕಿಲ್ಲ ಎನ್ನುವಂತಹ ನ್ಯಾಯ ಇದು. ಇವೆಲ್ಲ ಸರಿಯಾಗಿದ್ದರೆ ಸಮೀಕ್ಷೆಯ ಆಯುಸ್ಸು ಏಳು ವರ್ಷ. ಅದರ ಮೇಲೆ ನೋಂದಾಯಿತ ಎಂಜಿನಿಯರ್ ರಸ್ತೆಯನ್ನು ಮತ್ತೆ ನೋಡಿ, ಅಗಲದಲ್ಲಾಗಲಿ ಅಕ್ಕಪಕ್ಕದ ಕಟ್ಟಡಗಳಲ್ಲಾಗಲಿ ವಾಹನಗಳ ಪ್ರಮಾಣದಲ್ಲಾಗಲಿ ಗಣನೀಯ ಬದಲಾವಣೆ ಆಗಿಲ್ಲ ಎಂದು ಬರೆದುಕೊಟ್ಟರೆ ಹದಿನಾಲ್ಕು ವರ್ಷದವರೆಗೂ ಅದು ನಡೆಯುತ್ತದೆ.

ಎಲ್ಲ ರಸ್ತೆಗಳಿಗೂ ಸಮೀಕ್ಷೆ ಬೇಕಿಲ್ಲ ಎಂಬುದನ್ನು ಮರೆಯಬಾರದು. ಶಾಲಾ ವಲಯಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಮನೆಗಳಿಗೆ ಹೋಗಿಬರಲು ಮಾತ್ರ ಇರುವ ಒಳರಸ್ತೆಗಳಿಗೂ ಅನ್ವಯಿಸುವುದಿಲ್ಲ. ನಕ್ಷೆಯಲ್ಲಿ ಹಾಗೆ ಗುರುತಾಗಿರದಿದ್ದರೆ, ಅಗಲ 40 ಅಡಿ ಮೀರದ, ಅಡೆತಡೆಯಿಲ್ಲದ ಉದ್ದ ಅರ್ಧ ಮೈಲಿ ಮೀರದ, ಪ್ರತಿ ದಿಕ್ಕಿಗೆ ಒಂದೇ ಪಥವಿರುವ ರಸ್ತೆಯನ್ನು ಒಳರಸ್ತೆ ಎಂದು ಎಣಿಸಲಾಗುತ್ತದೆ. ಮಕ್ಕಳು ಚೆಂಡು ಹಿಂಬಾಲಿಸಿ ಓಡಿ ಬರುವ ಬೀದಿಯಲ್ಲಿ 25 ಮೈಲಿಯ ಮಿತಿಗೆ ಯಾವ ಅಂಕಿಅಂಶದ ಸಮರ್ಥನೆಯೂ ಬೇಕಿಲ್ಲ ಎಂಬುದು ಶಾಸಕರ ನಿಲುವು, ಮತ್ತು ಅದು ಸರಿಯಾದ ನಿಲುವು. ಫ್ರೀವೇ ಮೇಲೆ 65ರ ಮಿತಿ ದಾಟಿ 80ರಲ್ಲಿ ಹೋಗುತ್ತಿದ್ದವರು ಸಮೀಕ್ಷೆ ಎಲ್ಲಿದೆ ಎಂದು ಕೇಳಿಯೂ ಪ್ರಯೋಜನವಿಲ್ಲ, ಏಕೆಂದರೆ ಅದು ಪರಮಾವಧಿ ಮಿತಿ.

ಸ್ಪೀಡ್ ಟ್ರ್ಯಾಪ್ ಎಂದು ಸಾಬೀತಾದರೆ ಆಗುವ ಪರಿಣಾಮ ಸಣ್ಣದಲ್ಲ. ಅಂತಹ ಅಳತೆಯಿಂದ ಸಿಕ್ಕಿದ ವೇಗದ ಸಾಕ್ಷ್ಯವನ್ನು ನ್ಯಾಯಾಲಯ ಸ್ವೀಕರಿಸುವಂತಿಲ್ಲ. ಅದರ ಆಧಾರದಲ್ಲಿ ಮಾತನಾಡುವ ಅಧಿಕಾರಿ ಸಾಕ್ಷಿ ಹೇಳಲು ಅರ್ಹನಲ್ಲ. ಹಾಗಿದ್ದೂ ನ್ಯಾಯಾಧೀಶರು ಶಿಕ್ಷೆ ವಿಧಿಸಿದರೆ, ಹಾಗೆ ವಿಧಿಸುವ ಅಧಿಕಾರವ್ಯಾಪ್ತಿಯೇ ಅವರಿಗಿಲ್ಲ ಎಂದು 40805ನೇ ಕಲಮು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ರುಜುವಾತಿನ ಹೊಣೆ ಯಾರ ಮೇಲಿದೆ ಎಂಬುದು. ರಾಡಾರ್ ಬಳಸಿದ ಪ್ರಕರಣದಲ್ಲಿ ಇದು ಟ್ರ್ಯಾಪ್ ಆಗಿತ್ತು ಎಂದು ಚಾಲಕ ಸಾಧಿಸಬೇಕಿಲ್ಲ. ಆಗಿರಲಿಲ್ಲ ಎಂಬುದನ್ನು ಸರ್ಕಾರದ ಕಡೆಯವರೇ ತಮ್ಮ ವಾದದ ಭಾಗವಾಗಿ ತೋರಿಸಬೇಕು. ಟಿಕೆಟ್ (ದಂಡದ ಚೀಟಿ) ಬಂದವರು ಮೊದಲು ಮಾಡಬೇಕಾದ ಕೆಲಸವೂ ಇದರಿಂದಲೇ ತಿಳಿಯುತ್ತದೆ: ಆ ರಸ್ತೆಯ ಸಮೀಕ್ಷೆಯ ಪ್ರತಿಯನ್ನು ನಗರದ ಸಂಚಾರ ಎಂಜಿನಿಯರಿಂಗ್ ವಿಭಾಗದಿಂದ ಕೇಳಿ ಪಡೆದು, ಅದರ ದಿನಾಂಕ, 85ರ ಅಂಕಿ, ಮಿತಿ ಇಳಿಸಿದ್ದರೆ ಕೊಟ್ಟ ಕಾರಣ, ಈ ಮೂರನ್ನು ಓದುವುದು. ನ್ಯಾಯಾಲಯಕ್ಕೆ ಹೋಗದೆ ಲಿಖಿತ ಹೇಳಿಕೆಯ ಮೂಲಕವೇ ವಿಚಾರಣೆ ಕೋರುವ ಸೌಲಭ್ಯವೂ ಆ ರಾಜ್ಯದಲ್ಲಿದೆ.

ಹಾಗಾದರೆ ಮರೆಯಲ್ಲಿ ನಿಲ್ಲುವ ವಿಚಾರವೇನು? ಅಡಗಿ ನಿಂತು ಗಮನಿಸುವುದು ತಾನಾಗಿ ಅಕ್ರಮವಲ್ಲ. ಚಾಲಕರು ಕೆಲವೊಮ್ಮೆ ಇದನ್ನು, ಪೊಲೀಸರು ತಾವೇ ಪ್ರಚೋದಿಸಿ ಅಪರಾಧ ಮಾಡಿಸುವ ಹುನ್ನಾರಕ್ಕೆ ಹೋಲಿಸುವುದುಂಟು. ಅಂತಹ ಹುನ್ನಾರವನ್ನು ನ್ಯಾಯಾಲಯಗಳು ಒಪ್ಪುವುದಿಲ್ಲ ನಿಜ. ಆದರೆ ವೇಗವಾಗಿ ಓಡಿಸಿ ಎಂದು ಯಾರೂ ಪುಸಲಾಯಿಸದೆ ಇರುವಾಗ, ನೋಡುವವರು ಕಾಣಿಸಲಿಲ್ಲ ಎಂಬುದು ಪ್ರಚೋದನೆಯಾಗದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಸಮೀಪದ ರಕ್ಷಣೆಯೊಂದಿದೆ. ಸಂಚಾರ ನಿಯಮ ಜಾರಿಯೇ ಮುಖ್ಯ ಕೆಲಸವಾಗಿರುವ ಅಧಿಕಾರಿ ಪೂರ್ಣ ಸಮವಸ್ತ್ರದಲ್ಲಿರಬೇಕು, ಆತನ ವಾಹನ ನಿಗದಿಯಾದ ಪ್ರತ್ಯೇಕ ಬಣ್ಣದ್ದಾಗಿರಬೇಕು. ಇಲ್ಲದಿದ್ದರೆ ಆತನ ಸಾಕ್ಷ್ಯವೂ ನಿಲ್ಲುವುದಿಲ್ಲ. ಗುರುತಿಸಬಹುದಾದ ಕಾರನ್ನು ಸೇತುವೆಯ ಪಕ್ಕದಲ್ಲಿ ನಿಲ್ಲಿಸಬಹುದು, ಆದರೆ ಗುರುತೇ ಸಿಗದ ಕಾರಿನಲ್ಲಿ ಬಂದು ವೇಗದ ಟಿಕೆಟ್ ಬರೆಯುತ್ತ ಕೂರುವಂತಿಲ್ಲ. ಇನ್ನು, ಪೊಲೀಸ್ ವಾಹನ ಒಂದಷ್ಟು ದೂರ ಹಿಂಬಾಲಿಸಿ ತನ್ನ ಸ್ಪೀಡೋಮೀಟರ್‌ನಲ್ಲಿ ವೇಗ ನೋಡಿಕೊಳ್ಳುವುದಕ್ಕೂ, ಅನುಭವಿ ಅಧಿಕಾರಿ ಬರಿಗಣ್ಣಿನಿಂದ ಅಂದಾಜಿಸುವುದಕ್ಕೂ ಸಮೀಕ್ಷೆಯ ಅಗತ್ಯವಿಲ್ಲ. ಅವು ಎಲೆಕ್ಟ್ರಾನಿಕ್ ಅಳತೆಯಲ್ಲವಾದ್ದರಿಂದ ವ್ಯಾಖ್ಯಾನದ ಹೊರಗೆ ಉಳಿಯುತ್ತವೆ.

ಒಂದೇ ದೇಶದಲ್ಲಿ ಈ ವಿಚಾರ ಎಷ್ಟು ಬಗೆಯಲ್ಲಿ ಬದಲಾಗುತ್ತದೆ ಎಂಬುದಕ್ಕೆ ಪೆನ್ಸಿಲ್ವೇನಿಯಾ ಒಳ್ಳೆಯ ಉದಾಹರಣೆ. ಆ ರಾಜ್ಯ ರಾಡಾರ್ ಬಳಸುವ ಅಧಿಕಾರವನ್ನು ದಶಕಗಳ ಕಾಲ ರಾಜ್ಯ ಪೊಲೀಸರಿಗೆ ಮಾತ್ರ ಮೀಸಲಿಟ್ಟಿತು. ಸಣ್ಣ ಊರುಗಳ ಪೊಲೀಸರು ರಸ್ತೆಯ ಮೇಲೆ ಗೆರೆ ಎಳೆದು, ಗೆರೆಯಿಂದ ಗೆರೆಗೆ ಹಿಡಿದ ಸಮಯವನ್ನು ಸಾಧನಗಳಿಂದ ಎಣಿಸಿ ವೇಗವನ್ನು ಕಂಡುಕೊಂಡರು. ಕ್ಯಾಲಿಫೋರ್ನಿಯಾ ಯಾವುದನ್ನು ಟ್ರ್ಯಾಪ್ ಎಂದು ನಿಷೇಧಿಸಿತೋ ಅದು ಅಲ್ಲಿ ನಿತ್ಯದ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ ನಿತ್ಯವಾದ ರಾಡಾರ್ ಅಲ್ಲಿ ಊರ ಪೊಲೀಸರ ಕೈಗೆ ಸಿಗದ ವಸ್ತು. ಬ್ರಿಟನ್ನಿನ ಹೆದ್ದಾರಿಗಳ ಸರಾಸರಿ ವೇಗದ ಕ್ಯಾಮೆರಾಗಳು ಕೂಡ ಎರಡು ಸ್ಥಳಗಳ ನಡುವಿನ ಸಮಯವನ್ನೇ ಎಣಿಸುತ್ತವೆ. ಅಲ್ಲಿ ದೂರ ಹೆಚ್ಚು, ಎಣಿಸುವುದು ಹೆಬ್ಬೆರಳಲ್ಲ, ಹೀಗಾಗಿ ಹಳೆಯ ದೋಷ ಬಹುಪಾಲು ಅಳಿದುಹೋಗಿದೆ. ನೂರು ವರ್ಷದ ಹಿಂದಿನ ನಿಷೇಧವನ್ನು ಅಕ್ಷರಶಃ ಹಿಡಿದಿಟ್ಟುಕೊಳ್ಳುವುದರಲ್ಲಿ ಈಗ ಹೆಚ್ಚು ಅರ್ಥ ಉಳಿದಿಲ್ಲ ಎಂದು ನನಗನ್ನಿಸುತ್ತದೆ. ಎರಡನೆಯ ಭಾಗದ ಬೆಲೆ ಮಾತ್ರ ಕಡಿಮೆಯಾಗಿಲ್ಲ.

ಟ್ರ್ಯಾಪ್ ಎಂಬುದಕ್ಕೆ ಜನ ಸಾಮಾನ್ಯವಾಗಿ ಕೊಡುವ ಅರ್ಥ ಇನ್ನೊಂದಿದೆ: ಹಣಕ್ಕಾಗಿ ಒಡ್ಡಿದ ಬಲೆ. ಇದು ಕಟ್ಟುಕಥೆಯಲ್ಲ. ಓಹಾಯೋ ರಾಜ್ಯದ ಕೊಲಂಬಸ್ ನಗರಕ್ಕೆ ಅಂಟಿಕೊಂಡಿದ್ದ ನ್ಯೂ ರೋಮ್ ಎಂಬ ಪುಟ್ಟ ಗ್ರಾಮದಲ್ಲಿ 2000ದ ಜನಗಣತಿಯ ಪ್ರಕಾರ ಇದ್ದವರು 60 ಮಂದಿ. ದೊಡ್ಡ ಹೆದ್ದಾರಿಯೊಂದು ಆ ಗ್ರಾಮವನ್ನು ಹಾದುಹೋಗುವ ಚಿಕ್ಕ ತುಂಡಿನಲ್ಲಿ ವೇಗಮಿತಿ 45ರಿಂದ 35ಕ್ಕೆ ಇಳಿಯುತ್ತಿತ್ತು, ಮತ್ತು ಗ್ರಾಮದ ಪೊಲೀಸ್ ಪಡೆ ಅಲ್ಲಿ ಬರೆಯುವ ಟಿಕೆಟ್‌ಗಳೇ ಗ್ರಾಮದ ಮುಖ್ಯ ಆದಾಯವಾಗಿದ್ದವು. ಕೊನೆಗೆ 2004ರಲ್ಲಿ ನ್ಯಾಯಾಲಯ ಆ ಗ್ರಾಮಾಡಳಿತವನ್ನೇ ವಿಸರ್ಜಿಸಿತು. ಫ್ಲಾರಿಡಾದ ಹ್ಯಾಂಪ್ಟನ್ ಇನ್ನೂ ಮುಂದೆ ಹೋಯಿತು. ಐನೂರಕ್ಕಿಂತ ಕಡಿಮೆ ಜನರಿದ್ದ ಆ ಊರು, 301ನೇ ಹೆದ್ದಾರಿ ತನ್ನ ಗಡಿಯೊಳಗೆ ಹಾಯದ ಕಾರಣ, ಹೆದ್ದಾರಿಯ ಸುಮಾರು ಕಾಲು ಮೈಲಿ ಉದ್ದದ ತುಂಡೊಂದನ್ನು ತನ್ನ ಸರಹದ್ದಿಗೆ ಸೇರಿಸಿಕೊಂಡು ಅಲ್ಲಿ ಟಿಕೆಟ್ ಬರೆಯತೊಡಗಿತು. 2014ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಊರಿನ ಹಣಕಾಸಿನ ಅವ್ಯವಸ್ಥೆಯನ್ನು ಬಯಲಿಗೆಳೆದ ಮೇಲೆ ಶಾಸಕರು ಊರನ್ನು ರದ್ದುಗೊಳಿಸಲು ಹೊರಟರು. ಹೆದ್ದಾರಿಯ ಆ ತುಂಡನ್ನು ಬಿಟ್ಟುಕೊಟ್ಟು, ಪೊಲೀಸ್ ವಿಭಾಗವನ್ನು ಮುಚ್ಚಿ ಅದು ಉಳಿದುಕೊಂಡಿತು. ಅದೇ ಹೆದ್ದಾರಿಯ ಮೇಲಿರುವ ವಾಲ್ಡೊ ಎಂಬ ಊರಿನಲ್ಲಿ ಟಿಕೆಟ್‌ಗಳಿಗೆ ಕೋಟಾ ನಿಗದಿ ಮಾಡಿದ್ದಾರೆಂದು ಸ್ವತಃ ಪೊಲೀಸ್ ಸಿಬ್ಬಂದಿಯೇ ಪುರಸಭೆಯ ಮುಂದೆ ದೂರಿದರು. ಫ್ಲಾರಿಡಾದಲ್ಲಿ ಅಂತಹ ಕೋಟಾ ಕಾನೂನುಬಾಹಿರ. ಅಲ್ಲಿಯೂ 2014ರಲ್ಲೇ ಪೊಲೀಸ್ ವಿಭಾಗ ಮುಚ್ಚಿತು.

ಹಣದ ಈ ನಂಟನ್ನು ನೇರವಾಗಿ ಅಳೆಯಲು ಹೊರಟ ರಾಜ್ಯ ಅರ್ಕಾನ್ಸಾ. ಊರೊಂದರ ಸಂಚಾರ ದಂಡದ ಆದಾಯ ಅದರ ಹಿಂದಿನ ವರ್ಷದ ಖರ್ಚಿನ ಶೇ. 30ನ್ನು ಮೀರಿದರೆ, ಅಥವಾ ಅದು ಕೊಟ್ಟ ವೇಗದ ಟಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಿತಿಯನ್ನು ಕೇವಲ ಹತ್ತು ಮೈಲಿಯೊಳಗೆ ಮೀರಿದವರಿಗೆ ಹೋಗಿದ್ದರೆ, ಊರು ಪೊಲೀಸ್ ಅಧಿಕಾರವನ್ನು ದುರುಪಯೋಗ ಮಾಡಿಕೊಳ್ಳುತ್ತಿದೆ ಎಂದು ಅಲ್ಲಿನ ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಊರಿನದು. ಎರಡನೆಯ ಅಳತೆಗೋಲು ತುಂಬ ಸೂಕ್ಷ್ಮವಾದದ್ದು. ನಿಜವಾಗಿಯೂ ಜೀವಕ್ಕೆ ಅಪಾಯ ತರುವ ವೇಗದವರನ್ನು ಹಿಡಿಯುವುದು ಉದ್ದೇಶವಾಗಿದ್ದರೆ ಟಿಕೆಟ್‌ಗಳು ಮಿತಿಯನ್ನು ಬಹಳ ಮೀರಿದವರ ಕಡೆ ವಾಲಿರಬೇಕು. ಐದಾರು ಮೈಲಿ ಮೀರಿದವರಿಗೇ ಸಾಲುಸಾಲಾಗಿ ಹೋಗಿದ್ದರೆ ಉದ್ದೇಶ ಬೇರೆ ಎಂಬುದು ಲೆಕ್ಕದ ಪುಸ್ತಕದಲ್ಲೇ ಕಾಣುತ್ತದೆ. ಮಿಸ್ಸೌರಿ ಕೂಡ ದಂಡದಿಂದ ಬರುವ ಆದಾಯಕ್ಕೆ ಮಿತಿ ಹಾಕಿದ್ದು, ಆ ರಾಜ್ಯದ ಫರ್ಗುಸನ್ ಎಂಬ ಊರಿನಲ್ಲಿ 2014ರಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾಗಿ ಪ್ರತಿಭಟನೆಗಳು ನಡೆದ ನಂತರ, 2015ರಲ್ಲಿ, ಅದನ್ನು ಇನ್ನಷ್ಟು ಬಿಗಿ ಮಾಡಿತು.

ಇಷ್ಟು ಹೇಳಿದ ಮೇಲೆ ಎದುರುವಾದವನ್ನೂ ನ್ಯಾಯವಾಗಿ ಮುಂದಿಡಬೇಕು. ಜನ ಓಡಿಸುವ ವೇಗವನ್ನೇ ಅಳೆದು ಅದರಿಂದ ಮಿತಿಯನ್ನು ನಿಗದಿ ಮಾಡಿದರೆ, ವೇಗವಾಗಿ ಓಡಿಸುವವರೇ ಮಿತಿಯನ್ನು ಬರೆದಂತಾಗುತ್ತದೆ. ಮಿತಿ ಏರಿದಾಗ ಜನ ಇನ್ನಷ್ಟು ವೇಗವಾಗಿ ಹೋಗುತ್ತಾರೆ, ಮುಂದಿನ ಸಮೀಕ್ಷೆಯಲ್ಲಿ ಅಂಕಿ ಮತ್ತೆ ಏರುತ್ತದೆ. ಲಾಸ್ ಏಂಜಲೀಸ್‌ನಂತಹ ನಗರಗಳು, ಹಳೆಯ ಸಮೀಕ್ಷೆಗಳ ಅವಧಿ ಮುಗಿದು ಪೊಲೀಸರು ರಾಡಾರ್ ಬಳಸಲಾಗದ ಸ್ಥಿತಿ ಬಂದಾಗ, ಹೊಸ ಸಮೀಕ್ಷೆ ಮಾಡಿಸಿ ಹಲವು ರಸ್ತೆಗಳಲ್ಲಿ ಮಿತಿಯನ್ನು ಏರಿಸಬೇಕಾಯಿತು. ಆ ಅಳತೆಯಲ್ಲಿ ಎಣಿಕೆಗೆ ಬರುವುದು ಕಾರುಗಳು ಮಾತ್ರ. ರಸ್ತೆ ದಾಟಲು ಕಾಯುತ್ತ ನಿಂತ ಮುದುಕಿ ಯಾವ ರಾಡಾರ್‌ಗೂ ಸಿಗುವುದಿಲ್ಲ. ಡಿಕ್ಕಿಯ ಆಘಾತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ನಡೆದು ಹೋಗುವವರ ಪಾಲಿಗೆ 30 ಮತ್ತು 40 ಮೈಲಿಗಳ ನಡುವಿನ ವ್ಯತ್ಯಾಸ ಬದುಕು ಸಾವಿನದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೇ 2017ರ ತನ್ನ ಅಧ್ಯಯನದಲ್ಲಿ 85ರ ಸೂತ್ರಕ್ಕೆ ಇಷ್ಟೊಂದು ಜೋತು ಬೀಳಬಾರದೆಂದು ಹೇಳಿತು. ಕ್ಯಾಲಿಫೋರ್ನಿಯಾ 2021ರಲ್ಲಿ ಎಬಿ 43 ಎಂಬ ಕಾಯ್ದೆಯ ಮೂಲಕ ಸೂತ್ರವನ್ನು ಸಡಿಲಿಸಿ, ಅಪಘಾತ ಹೆಚ್ಚಿರುವ ರಸ್ತೆಗಳಲ್ಲೂ ಅಂಗಡಿಬೀದಿಗಳಲ್ಲೂ ಮಿತಿಯನ್ನು ಇನ್ನಷ್ಟು ಇಳಿಸುವ ಅಧಿಕಾರವನ್ನು ನಗರಗಳಿಗೆ ಕೊಟ್ಟಿತು. ಈ ತಿದ್ದುಪಡಿ ಅಗತ್ಯವಾಗಿತ್ತು. ಕಾರಣ ಹೇಳಬೇಕೆಂಬ ಷರತ್ತು ಉಳಿದುಕೊಂಡಿತು, ಒಪ್ಪಿಗೆಯಾಗುವ ಕಾರಣಗಳ ಪಟ್ಟಿ ದೊಡ್ಡದಾಯಿತು.

2023ರ ಎಬಿ 645 ಇನ್ನೊಂದು ತಿರುವು. ಆರು ನಗರಗಳಿಗೆ (ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್, ಸ್ಯಾನ್ ಹೋಸೆ, ಲಾಸ್ ಏಂಜಲೀಸ್, ಗ್ಲೆಂಡೇಲ್, ಲಾಂಗ್ ಬೀಚ್) ಪ್ರಾಯೋಗಿಕವಾಗಿ ಸ್ಪೀಡ್ ಕ್ಯಾಮೆರಾ ಹಾಕಲು ಅದು ಅನುಮತಿ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ 2025ರ ಮಾರ್ಚ್‌ನಲ್ಲಿ 33 ಸ್ಥಳಗಳೊಂದಿಗೆ ಮೊದಲು ಆರಂಭಿಸಿತು. ಆಡುಮಾತಿನ ಸ್ಪೀಡ್ ಟ್ರ್ಯಾಪಿಗೆ ಇದು ತದ್ವಿರುದ್ಧವಾಗಿರುವಂತೆ ಕಾಯ್ದೆಯನ್ನು ಹೆಣೆದಿರುವುದು ಗಮನಿಸಬೇಕಾದ ಅಂಶ. ಕ್ಯಾಮೆರಾ ಇರುವ ಸ್ಥಳಗಳನ್ನು ಮೊದಲೇ ಪ್ರಕಟಿಸಬೇಕು, ಫಲಕ ಹಾಕಬೇಕು, ಮೊದಲ 60 ದಿನ ಎಚ್ಚರಿಕೆ ಪತ್ರ ಮಾತ್ರ ಕಳಿಸಬೇಕು. ಮಿತಿಯನ್ನು 11 ಮೈಲಿ ಮೀರುವವರೆಗೆ ದಂಡವೇ ಇಲ್ಲ. ಆ ಮೇಲೆ 50 ಡಾಲರ್‌ನಿಂದ ಶುರುವಾಗಿ ಗಂಟೆಗೆ 100 ಮೈಲಿ ದಾಟಿದವರಿಗೆ 500 ಡಾಲರ್‌ವರೆಗೆ ಏರುತ್ತದೆ. ಇದು ವಾಹನದ ಮಾಲೀಕರಿಗೆ ಬರುವ ಸಿವಿಲ್ ದಂಡವಾದ್ದರಿಂದ ಚಾಲನಾ ಪರವಾನಗಿಯ ದಾಖಲೆಗೆ ಪಾಯಿಂಟ್ ಸೇರುವುದಿಲ್ಲ. ಬಂದ ಹಣವನ್ನು ಯೋಜನೆಯ ಖರ್ಚು ಕಳೆದು ರಸ್ತೆಯಲ್ಲಿ ವೇಗ ತಗ್ಗಿಸುವ ಕಾಮಗಾರಿಗಳಿಗೆ ಬಳಸಬೇಕು.

ಈಗ ನಮ್ಮ ಕಡೆಗೆ ಬರೋಣ. ಭಾರತದ ಮೋಟಾರು ವಾಹನ ಕಾಯ್ದೆ, 1988ರಲ್ಲಿ ಸ್ಪೀಡ್ ಟ್ರ್ಯಾಪ್ ಎಂಬುದಕ್ಕೆ ವ್ಯಾಖ್ಯಾನವಿಲ್ಲ. ಆದರೂ ಚಾಲಕರಿಗೆ ಸಂಬಂಧಿಸಿದ ಕೆಲವು ರಕ್ಷಣೆಗಳು ಅದರಲ್ಲಿವೆ, ಅವು ಹೆಚ್ಚು ಜನರಿಗೆ ಗೊತ್ತಿಲ್ಲ. 183ನೇ ಕಲಮಿನ ಪ್ರಕಾರ, ವೇಗ ಹೆಚ್ಚಾಗಿತ್ತು ಎಂಬ ಒಬ್ಬ ಸಾಕ್ಷಿಯ ಅಭಿಪ್ರಾಯ ಮಾತ್ರದಿಂದ ಯಾರನ್ನೂ ಶಿಕ್ಷಿಸುವಂತಿಲ್ಲ. ಆ ಅಭಿಪ್ರಾಯ ಸಾಧನವೊಂದರ ಅಳತೆಯನ್ನು ಆಧರಿಸಿದೆ ಎಂದು ತೋರಿಸಬೇಕು. ಬರಿಗಣ್ಣಿನ ಅಂದಾಜಿನ ವಿಷಯದಲ್ಲಿ ನಮ್ಮ ಕಾನೂನು ಕ್ಯಾಲಿಫೋರ್ನಿಯಾಕ್ಕಿಂತ ಬಿಗಿ. 2019ರ ತಿದ್ದುಪಡಿ 136ಎ ಕಲಮಿನ ಮೂಲಕ ಎಲೆಕ್ಟ್ರಾನಿಕ್ ನಿಗಾಕ್ಕೆ ದಾರಿ ಮಾಡಿತು, ಮತ್ತು 2021ರ ಆಗಸ್ಟ್‌ನಲ್ಲಿ ಕೇಂದ್ರದ ನಿಯಮಾವಳಿಗೆ ಸೇರಿಸಿದ 167ಎ ನಿಯಮ ಅದಕ್ಕೆ ಷರತ್ತುಗಳನ್ನು ಹಾಕಿತು. ವೇಗ ಅಳೆಯುವ ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ನಿಗಾ ಇರುವ ರಸ್ತೆಯ ತುಂಡಿಗೆ ಮೊದಲೇ ಎದ್ದು ಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸಾವುನೋವು ಹೆಚ್ಚಿ, ಗಂಟೆಗೆ 100 ಕಿ.ಮೀ. ಮಿತಿಯನ್ನು ಕ್ಯಾಮೆರಾಗಳಿಂದ ಜಾರಿಗೆ ತರಲು ಶುರುವಾದಾಗ, ಇದು ದುಡ್ಡು ವಸೂಲಿಯ ಬಲೆ ಎಂಬ ಮಾತು ಕೇಳಿಬಂತು. ಮೇಲಿನ ಯಾವ ಅಳತೆಗೋಲಿನಿಂದ ನೋಡಿದರೂ ಆ ಆರೋಪ ನಿಲ್ಲುವುದಿಲ್ಲ. ಕಾರುಗಳಿಗೆ ನಾಲ್ಕು ಪಥ ಅಥವಾ ಹೆಚ್ಚಿನ, ವಿಭಜಕವಿರುವ ರಸ್ತೆಗಳಲ್ಲಿ 100 ಕಿ.ಮೀ. ಎಂಬ ಗರಿಷ್ಠ ಮಿತಿ 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಲ್ಲೇ ಇದೆ; ಜನ ಸತ್ತ ರಸ್ತೆಯಲ್ಲಿ, ಗೊತ್ತಿರುವ ಜಾಗದಲ್ಲಿ, ಗೊತ್ತಿರುವ ಮಿತಿಯನ್ನು ಕ್ಯಾಮೆರಾ ಕಾಯುತ್ತಿದೆ.

ನಿಜವಾದ ಕೊರತೆ ಇರುವುದು ಬೇರೆ ಕಡೆ. 112ನೇ ಕಲಮು ರಾಜ್ಯ ಸರ್ಕಾರಕ್ಕೆ, ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಇಲ್ಲವೇ ರಸ್ತೆ, ಸೇತುವೆಗಳ ಸ್ಥಿತಿಯ ಕಾರಣದಿಂದ ಮಿತಿಯನ್ನು ಇಳಿಸುವ ಅಧಿಕಾರ ಕೊಡುತ್ತದೆ; ಅಧಿಸೂಚನೆ ಹೊರಡಿಸಬೇಕು, ಫಲಕ ನೆಡಬೇಕು ಎನ್ನುತ್ತದೆ. ಆ ಅಂಕಿಗೆ ಅಳತೆಯ ಆಧಾರವನ್ನು ಕೊಡಬೇಕೆಂದಾಗಲಿ, ಇಷ್ಟು ವರ್ಷಕ್ಕೊಮ್ಮೆ ಅದನ್ನು ಮತ್ತೆ ಪರಿಶೀಲಿಸಬೇಕೆಂದಾಗಲಿ ಹೇಳುವುದಿಲ್ಲ. ಹೀಗಾಗಿ ಹೆದ್ದಾರಿ ಅಗಲವಾಗಿ ಊರು ಪಕ್ಕಕ್ಕೆ ಸರಿದ ಮೇಲೂ ಹಳೆಯ 40ರ ಫಲಕ ಹಾಗೆಯೇ ಉಳಿಯಬಹುದು, ಅದರಂತೆಯೇ ಹೊಸ ಶಾಲೆ ಬಂದ ಕಡೆ 80ರ ಫಲಕವೂ ಉಳಿಯಬಹುದು. ಇಂತಹ ರಸ್ತೆಯಲ್ಲಿ ಚಲನ್ ಬಂದವರು, ಮಿತಿ ಇಳಿಸಿದ ಅಧಿಸೂಚನೆಯ ಪ್ರತಿ, ಸಾಧನದ ಆ ವರ್ಷದ ಪ್ರಮಾಣಪತ್ರ ಮತ್ತು ಎಚ್ಚರಿಕೆಯ ಫಲಕ ಇದ್ದ ಜಾಗದ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಆ ಮಿತಿಯನ್ನು ಯಾವ ಅಳತೆಯಿಂದ ನಿಗದಿ ಮಾಡಿದರು ಎಂದು ಕೇಳಿದರೆ, ದಾಖಲೆಯೇ ಇಲ್ಲ ಎಂಬ ಉತ್ತರ ಬಂದರೂ ಇಲಾಖೆ ಕಾನೂನನ್ನು ಮುರಿದಂತಾಗುವುದಿಲ್ಲ. 112ನೇ ಕಲಮಿಗೆ ಸಮೀಕ್ಷೆಯ ಒಂದು ಸಾಲು, ಅವಧಿಯ ಒಂದು ಸಾಲು ಸೇರಿದರೆ ಸಾಕು, ಆ ಉತ್ತರ ಕೊಡಲು ಬರುವುದಿಲ್ಲ.